ರೇಸ್ ಎಂಜಿನ್ನಿನ ಆಯುಷ್ಯವೂ ಕಬ್ಬಿನ ಸಿಪ್ಪೆಯೂ

2023ರ ಫೆಬ್ರುವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ಫಾರ್ಮುಲಾ ಇ ರೇಸ್ ನಡೆಯಿತು. ಗೆದ್ದವನು ಫ್ರಾನ್ಸಿನ ಜಾನ್ ಎರಿಕ್ ವೆರ್ನ್. ಹುಮನಾಬಾದಿನಿಂದ ರಾಷ್ಟ್ರೀಯ ಹೆದ್ದಾರಿ 65 ಹಿಡಿದು ಪೂರ್ವಕ್ಕೆ ಹೊರಟರೆ ಆ ಜಾಗ ಸುಮಾರು 150 ಕಿ.ಮೀ. ಜಗತ್ತಿನ ಮಟ್ಟದ ಓಪನ್ ವೀಲ್ ರೇಸ್, ಅಂದರೆ ಮಡ್‌ಗಾರ್ಡ್ ಇಲ್ಲದೆ ನಾಲ್ಕೂ ಚಕ್ರ ಬಯಲಿಗೆ ಬಿಟ್ಟ, ಒಬ್ಬನೇ ಕೂರುವ ಕಾರುಗಳ ಓಟ, ಬೀದರ್ ಜಿಲ್ಲೆಗೆ ಇಷ್ಟು ಹತ್ತಿರ ಬಂದದ್ದು ಅದೊಂದೇ ಸಲ. ಅದೇ ವರ್ಷದ ಡಿಸೆಂಬರಿನಲ್ಲಿ ತೆಲಂಗಾಣದಲ್ಲಿ ಸರ್ಕಾರ ಬದಲಾಯಿತು, ಮರುವರ್ಷದ ರೇಸ್ ರದ್ದಾಯಿತು.

ಆ ಕಾರುಗಳಲ್ಲಿ ಎಂಜಿನ್ ಇರಲಿಲ್ಲ; ಬ್ಯಾಟರಿ ಮತ್ತು ಮೋಟಾರು ಅಷ್ಟೇ. ಇದೇ ಹೆದ್ದಾರಿಯನ್ನು ನಂಬಿ ಬದುಕುವ ಬಸವಕಲ್ಯಾಣದ ಆಟೋನಗರದಲ್ಲಿ ಲಾರಿಗೆ ಬಾಡಿ ಕಟ್ಟುವವರ ಜೊತೆ ಎಂಜಿನ್ ಬಿಚ್ಚಿ ಜೋಡಿಸುವವರೂ ಇದ್ದಾರೆ. ಎಂಜಿನ್ ಇನ್ನೆಷ್ಟು ದಿನ ಎಂಬುದು ಅವರಿಗೆ ಹೊಟ್ಟೆಪಾಡಿನ ಪ್ರಶ್ನೆ. ರೇಸ್ ಲೋಕದ ದೊಡ್ಡ ಕಂಪನಿಗಳಿಗೂ ಇದಕ್ಕೆ ಉತ್ತರ ಗೊತ್ತಿದ್ದಂತಿಲ್ಲ. ಇಂಗಾಲಮುಕ್ತ ತಂತ್ರಜ್ಞಾನಕ್ಕೆ ಹಣ ಬೇಕೆಂದು 2021ರ ಕೊನೆಗೆ ಫಾರ್ಮುಲಾ 1 ಬಿಡುವುದಾಗಿ 2020ರಲ್ಲಿ ಹೇಳಿದ ಹೋಂಡಾ, 2026ಕ್ಕೆ ಮರಳುವುದಾಗಿ 2023ರಲ್ಲಿ ಹೇಳಿತು. ಔಡಿ ಮತ್ತು ಫೋರ್ಡ್ ಒಳಗೆ ಬಂದವು. ದಶಕಗಳ ಕಾಲ ಎಂಜಿನ್ ಕಟ್ಟಿದ ರೆನೋ ಹೊರಗೆ ನಡೆಯಿತು. 2026ರ ಹೊಸ ನಿಯಮ ಜಾರಿಗೆ ಬರುವ ಮೊದಲೇ, 2025ರಲ್ಲಿ, ಹಳೆಯ ಕಾಲದ ವಿ10, ವಿ8 ಎಂಜಿನ್ನುಗಳನ್ನು ವಾಪಸ್ ತರುವ ಮಾತು ಕ್ರೀಡೆಯ ಆಡಳಿತ ನಡೆಸುವವರ ಬಾಯಿಂದಲೇ ಬಂತು.

ಬ್ಯಾಟರಿಯೊಂದೇ ಸಾಕಾಗಿದ್ದರೆ ಇಷ್ಟು ಹೊಯ್ದಾಟ ಇರುತ್ತಿರಲಿಲ್ಲ. ಲೆಕ್ಕ ಹಾಕಿ ನೋಡಿ. 2025ರವರೆಗೆ ಒಂದು ಫಾರ್ಮುಲಾ 1 ಕಾರು ಒಂದು ರೇಸಿಗೆ ಬಳಸಬಹುದಾಗಿದ್ದ ಇಂಧನ 110 ಕೆ.ಜಿ. ಅದರಲ್ಲಿರುವ ಶಕ್ತಿಯನ್ನು ವಿದ್ಯುತ್ತಿನ ಲೆಕ್ಕಕ್ಕೆ ತಂದರೆ ಸುಮಾರು 1,300 ಯೂನಿಟ್. ಅರ್ಧ ಬಿಸಿಯಾಗಿ ಹೋದರೂ 650 ಯೂನಿಟ್ ಕೆಲಸಕ್ಕೆ ಬರುತ್ತದೆ. ಅಷ್ಟನ್ನು ತುಂಬಿಕೊಳ್ಳುವ ಇಂದಿನ ಬ್ಯಾಟರಿ ಎರಡೂವರೆಯಿಂದ ಮೂರು ಟನ್ ತೂಗುತ್ತದೆ. ಚಾಲಕನೂ ಸೇರಿ ಇಡೀ ಕಾರಿನ ಕನಿಷ್ಠ ತೂಕವೇ 2025ರಲ್ಲಿ 800 ಕೆ.ಜಿ. ಇತ್ತು. ಹೈದರಾಬಾದಿನಲ್ಲಿ ಓಡಿದ ಕಾರುಗಳ ಬ್ಯಾಟರಿ 40 ಯೂನಿಟ್ಟಿನ ಆಸುಪಾಸಿನದು. ಆದ್ದರಿಂದಲೇ ಅವು ಬ್ರೇಕ್ ಹಾಕಿದಾಗಲೆಲ್ಲ ಶಕ್ತಿಯನ್ನು ಮರಳಿ ಗಳಿಸಿಕೊಳ್ಳುತ್ತ, ಜಿಪುಣತನದಲ್ಲಿ ಓಡಬೇಕು.

ಹಾಗಾಗಿ 2026ರ ಫಾರ್ಮುಲಾ 1 ನಿಯಮ ನಡುದಾರಿ ಹಿಡಿದಿದೆ. 1.6 ಲೀಟರಿನ ಟರ್ಬೊ ವಿ6 ಎಂಜಿನ್ನಿನಿಂದ ಸುಮಾರು 400 ಕಿಲೋವ್ಯಾಟ್, ಮೋಟಾರಿನಿಂದ 350. ಇಂಧನವನ್ನು ಕಿಲೋಗ್ರಾಂನಲ್ಲಿ ಅಳೆಯುವುದು ಬಿಟ್ಟು ಶಕ್ತಿಯಲ್ಲಿ ಅಳೆಯುತ್ತಾರೆ: ಗಂಟೆಗೆ 3,000 ಮೆಗಾಜೂಲ್ ಮೀರುವಂತಿಲ್ಲ. ಇದು 833 ಕಿಲೋವ್ಯಾಟಿಗೆ ಸಮ. ಒಳಗೆ ಹೋದ 833ರಲ್ಲಿ 400 ಹೊರಬಂದರೆ ದಕ್ಷತೆ ಶೇ. 48. ನಮ್ಮ ರಸ್ತೆಯ ಸಾಮಾನ್ಯ ಪೆಟ್ರೋಲ್ ಎಂಜಿನ್ನಿಗೆ ಶೇ. 35 ದಾಟುವುದೇ ಕಷ್ಟ. ಇನ್ನೊಂದು ಷರತ್ತು ನಮಗೆ ಹೆಚ್ಚು ಹತ್ತಿರದ್ದು. ಇಂಧನ ನೆಲದಡಿಯ ತೈಲದಿಂದ ಬಂದಿರಬಾರದು. ತಿನ್ನುವ ಬೆಳೆಯಿಂದಲೂ ಬಂದಿರಬಾರದು. ಹೊಲದ ಕಸ, ಊರಿನ ಕಸ ಅಥವಾ ಗಾಳಿಯಿಂದ ಹಿಡಿದ ಇಂಗಾಲ, ಇಂಥವುಗಳಿಂದ ಆಗಬೇಕು.

ಅಮೆರಿಕದ ಓಪನ್ ವೀಲ್ ರೇಸ್ ಸರಣಿ ಇಂಡಿಕಾರ್ ಈ ದಾರಿಯಲ್ಲಿ ಮುಂಚೆಯೇ ನಡೆದಿದೆ. 1964ರ ಇಂಡಿಯಾನಾಪೊಲಿಸ್ ರೇಸಿನಲ್ಲಿ ಇಬ್ಬರು ಚಾಲಕರನ್ನು ಬಲಿ ತೆಗೆದುಕೊಂಡ ಬೆಂಕಿಯ ನಂತರ ಅಲ್ಲಿ ಪೆಟ್ರೋಲ್ ಬಿಟ್ಟು ಮೆಥನಾಲ್‌ಗೆ ಹೋದರು, 2007ರ ಹೊತ್ತಿಗೆ ಎಥನಾಲ್‌ಗೆ ಬಂದರು. 2023ರಿಂದ ಬಳಸುತ್ತಿರುವ ಇಂಧನದ ಮುಖ್ಯ ಭಾಗ ಕಬ್ಬಿನ ತ್ಯಾಜ್ಯದಿಂದ ತೆಗೆದ ಎಥನಾಲ್.

ಎಥನಾಲ್ ಅಂದರೆ ನಮ್ಮಲ್ಲಿ ದೂರೇ ಹೆಚ್ಚು. ಪಂಪಿನಲ್ಲಿ ಇ20 ಬಂದ ಮೇಲೆ ಬೈಕು ಎವರೇಜ್ ಕೊಡುವುದಿಲ್ಲ ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಇದು ಸುಳ್ಳಲ್ಲ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಎಥನಾಲಿನಲ್ಲಿ 21. ಶೇ. 20 ಬೆರೆಸಿದಾಗ ಲೀಟರಿಗೆ ಶೇ. 7ರಷ್ಟು ಶಕ್ತಿ ಕಡಿಮೆಯಾಗುತ್ತದೆ. ಹಾಗಿದ್ದರೆ ರೇಸಿನವರು ಇದನ್ನು ಯಾಕೆ ಬಯಸುತ್ತಾರೆ?

ನಿಯಮವೇ ಇಂಧನಕ್ಕೆ ಮಿತಿ ಹಾಕದಿದ್ದರೆ, ಎಂಜಿನ್ನಿನ ಬಲಕ್ಕೆ ಮಿತಿ ಹಾಕುವುದು ಇಂಧನವಲ್ಲ, ಗಾಳಿ. ಸಿಲಿಂಡರಿಗೆ ಇಂಧನವನ್ನು ಬೇಕಾದಷ್ಟು ಚಿಮ್ಮಿಸಬಹುದು. ಅದನ್ನು ಉರಿಸುವಷ್ಟು ಗಾಳಿ ತುಂಬುವುದೇ ಕಷ್ಟ. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು, ಎಥನಾಲಿಗೆ 9 ಸಾಕು. ಪ್ರತಿ ಕೆ.ಜಿ. ಗಾಳಿಗೆ ಎಷ್ಟು ಶಕ್ತಿ ಎಂದು ನೋಡಿದರೆ ಎರಡೂ ಹತ್ತಿರಹತ್ತಿರ ಸಮ, 3 ಮೆಗಾಜೂಲಿನ ಆಸುಪಾಸು. ಜೊತೆಗೆ ಎಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರುತ್ತದೆ. ಸ್ಯಾನಿಟೈಸರ್ ಹಚ್ಚಿದ ಅಂಗೈ ತಣ್ಣಗಾಗುವುದು ಇದರಿಂದಲೇ. ತಣ್ಣಗಾದ ಗಾಳಿ ಸಾಂದ್ರವಾಗುತ್ತದೆ, ಸಿಲಿಂಡರಿಗೆ ಹೆಚ್ಚು ಹಿಡಿಸುತ್ತದೆ. ಎಥನಾಲಿನ ಆಕ್ಟೇನ್ ಕೂಡ ಹೆಚ್ಚು. ಹೆಚ್ಚು ಒತ್ತಿದರೂ ಹೊತ್ತಿಗೆ ಮುಂಚೆ ಸಿಡಿದು ಎಂಜಿನ್ ಸುಲಭಕ್ಕೆ ಕುಟ್ಟುವುದಿಲ್ಲ. ಅಂದರೆ ಎಥನಾಲಿಗೆಂದೇ ಕಟ್ಟಿದ ಎಂಜಿನ್ ಪಿಕಪ್ಪಿನಲ್ಲಿ ಪೆಟ್ರೋಲಿಗೆ ಸೋಲುವುದಿಲ್ಲ, ಟ್ಯಾಂಕ್ ಮಾತ್ರ ಬೇಗ ಖಾಲಿಯಾಗುತ್ತದೆ. ನಮ್ಮ ಬೈಕುಗಳ ತೊಂದರೆ ಏನೆಂದರೆ ಅವು ಪೆಟ್ರೋಲಿಗೆ ಹುಟ್ಟಿದವು. ನಷ್ಟ ಪೂರ್ತಿ ಅವಕ್ಕೆ, ಲಾಭ ಅಷ್ಟಕ್ಕಷ್ಟೇ.

ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡದ ಸಹಕಾರಿ ಸಕ್ಕರೆ ಕಾರ್ಖಾನೆ ನೆನಪಿರುವವರಿಗೆ ಕಬ್ಬಿನ ಲೆಕ್ಕ ಹೊಸದಲ್ಲ. ಒಂದು ಟನ್ ಕಬ್ಬು ಅರೆದರೆ ಸಕ್ಕರೆ ತೆಗೆದ ಮೇಲೆ ಸುಮಾರು 45 ಕೆ.ಜಿ. ಕಾಕಂಬಿ ಉಳಿಯುತ್ತದೆ, ಅದರಿಂದ 10–11 ಲೀಟರ್ ಎಥನಾಲ್. ಇದು ಹಳೆಯ ವಿದ್ಯೆ. ರೇಸಿನವರು ಕೇಳುತ್ತಿರುವುದು ಅದೇ ಟನ್ನಿನಿಂದ ಬರುವ 300 ಕೆ.ಜಿ.ಯಷ್ಟು ಹಸಿ ಸಿಪ್ಪೆಯನ್ನು, ಹೊಲದಲ್ಲಿ ಸುಡುವ ರವದಿಯನ್ನು. ಅದರಲ್ಲೂ ಸಕ್ಕರೆ ಇದೆ, ಆದರೆ ಸೆಲ್ಯುಲೋಸಿನ ಸರಪಳಿಯಲ್ಲಿ ಬಿಗಿದುಕೊಂಡು, ಲಿಗ್ನಿನ್ ಎಂಬ ಗಟ್ಟಿ ಅಂಟಿನೊಳಗೆ ಕೂತಿದೆ. ಆಮ್ಲ ಇಲ್ಲವೆ ಬಿಸಿ ಹಬೆಯಿಂದ ಅದನ್ನು ಸಡಿಲಿಸಿ, ಕಿಣ್ವಗಳಿಂದ ಕತ್ತರಿಸಿ, ಆಮೇಲೆ ಯೀಸ್ಟಿಗೆ ಉಣಿಸಬೇಕು. ಈ ಮಾದರಿಯ ಕಾರ್ಖಾನೆ ಪಾಣಿಪತ್ತಿನಲ್ಲಿ 2022ರಲ್ಲಿ ಉದ್ಘಾಟನೆಯಾಗಿದೆ, ಭತ್ತದ ಹುಲ್ಲಿನಿಂದ. ಖರ್ಚು ಇನ್ನೂ ಕೈಗೆಟುಕುವಂತಿಲ್ಲ.

ಇದರಿಂದ ಬೀದರಿನ ರೈತನಿಗೆ ಬಂಗಾರದ ಬೆಳೆ ಬಂತೆಂದು ಕುಣಿಯುವಂತಿಲ್ಲ. 2025ರ ಲೆಕ್ಕದಲ್ಲಿ ಫಾರ್ಮುಲಾ 1ರ ಇಪ್ಪತ್ತು ಕಾರು, ವರ್ಷಕ್ಕೆ 24 ರೇಸ್, ತಲಾ 110 ಕೆ.ಜಿ. ಎಂದರೂ ಒಟ್ಟು 53 ಟನ್, ಸುಮಾರು 70,000 ಲೀಟರ್. ಮಧ್ಯಮ ಗಾತ್ರದ ಒಂದು ಡಿಸ್ಟಿಲರಿ ಅಷ್ಟು ಎಥನಾಲನ್ನು ಒಂದೆರಡು ದಿನದಲ್ಲಿ ತೆಗೆಯುತ್ತದೆ. ಸಿಪ್ಪೆಯೂ ಪುಕ್ಕಟೆ ಬಿದ್ದಿಲ್ಲ. ಕಾರ್ಖಾನೆಯ ಬಾಯ್ಲರ್ ಉರಿಯುವುದೇ ಅದರಿಂದ. ಮಳೆ ನಂಬಿದ ಈ ಜಿಲ್ಲೆಯಲ್ಲಿ ಇಂಧನದ ಆಸೆಗೆ ಕಬ್ಬು ಹೆಚ್ಚಿಸಿ ಬೋರ್‌ವೆಲ್ ಬತ್ತಿಸಿಕೊಳ್ಳುವುದು ಮೂರ್ಖತನ. ಪರಿಸರದ ಲಾಭವನ್ನೂ ಉಬ್ಬಿಸಬಾರದು: 2019ರ ಫಾರ್ಮುಲಾ 1ರ ಸ್ವಂತ ವರದಿಯ ಪ್ರಕಾರ ಅದರ ಇಂಗಾಲದ ಹೊರೆಯಲ್ಲಿ ಕಾರಿನ ಎಂಜಿನ್ನುಗಳ ಪಾಲು ಶೇ. 0.7 ಮಾತ್ರ, ಬಹುಪಾಲು ಸರಕು ಸಾಗಣೆ ಮತ್ತು ಜನರ ಪ್ರಯಾಣದ್ದು. ರೇಸಿನ ಉಪಯೋಗ ಪರೀಕ್ಷೆಯಲ್ಲಿದೆ. ಸಿಪ್ಪೆಯ ಇಂಧನ ಅಲ್ಲಿ ತಾಳಿದರೆ ಎಂಜಿನ್ ಉಳಿಯಬಹುದು, ಇಲ್ಲದಿದ್ದರೆ ಹಳೆಯ ವಿ8ರ ಸದ್ದು ಎಷ್ಟೇ ಚೆಂದವಿದ್ದರೂ ಉಳಿಯುವುದಿಲ್ಲ ಎಂಬುದು ನನ್ನ ಅಂದಾಜು.

ಈ ಪರೀಕ್ಷೆಗೆ ಇಳಿಯಲು ಫಾರ್ಮುಲಾ 1ರ ದುಡ್ಡು ಬೇಕಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಓಪನ್ ವೀಲ್ ಕಾರು ಕಟ್ಟಿ ಸ್ಪರ್ಧಿಸುವ ಫಾರ್ಮುಲಾ ಭಾರತ್ ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ನಡೆಯುತ್ತ ಬಂದಿದೆ. ಇಂಥ ವಿದ್ಯಾರ್ಥಿ ಸ್ಪರ್ಧೆಗಳಿಗೆ ಮೂಲವಾದ ಅಂತರರಾಷ್ಟ್ರೀಯ ಫಾರ್ಮುಲಾ ಎಸ್‌ಎಇ ನಿಯಮದಲ್ಲಿ ಪೆಟ್ರೋಲ್ ಎಂಜಿನ್ ಗಾಳಿ ಎಳೆಯುವ ಕಿಂಡಿ 20 ಮಿ.ಮೀ.; ಶೇ. 85 ಎಥನಾಲಿನ ಇ85 ಬಳಸಿದರೆ 19 ಮಿ.ಮೀ. ಅದೇ ಗಾತ್ರದ ಕಿಂಡಿಯಲ್ಲಿ ಎಥನಾಲ್ ಹೆಚ್ಚು ಬಲ ಕೊಡುತ್ತದೆಂದು ನಿಯಮವೇ ಒಪ್ಪಿದಂತಾಯಿತು. ಬಸವಕಲ್ಯಾಣದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಪಕ್ಕದಲ್ಲೇ ಆಟೋನಗರವಿದೆ, ಸುತ್ತ ಕಬ್ಬಿದೆ. ಕಾಲೇಜಿನ ಹುಡುಗ ಹುಡುಗಿಯರು ಒಂದು ಹಳೆಯ ಬೈಕ್ ಎಂಜಿನ್ ತಂದು, ಆಟೋನಗರದ ಮೇಸ್ತ್ರಿಗಳನ್ನು ಜೊತೆಗೆ ಕೂರಿಸಿಕೊಂಡು ಕೆಲಸ ಶುರು ಮಾಡಲಿ.