ಗೇಟಿನ ಬಳಿ ಕಾದ ಡಬ್ಬಿ

ಪರೇಲಿನ ಆಚಾರ್ಯ ದೋಂದೆ ಮಾರ್ಗದಲ್ಲಿ ಕತ್ತಲಾದರೂ ದಿನ ಮುಗಿಯುವುದಿಲ್ಲ. ಒಂದು ಬದಿಗೆ ಕೆಇಎಂ, ಅದರ ಮಗ್ಗುಲಲ್ಲೇ ಮಕ್ಕಳ ವಾಡಿಯಾ ಆಸ್ಪತ್ರೆ, ಕೂಗಳತೆಯಲ್ಲಿ ಟಾಟಾ ಮೆಮೋರಿಯಲ್. ಔಷಧದಂಗಡಿಗಳ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಫುಟ್‌ಪಾತಿನ ಉದ್ದಕ್ಕೂ ಸಂಸಾರಗಳು ಹರಡಿಕೊಂಡಿರುತ್ತವೆ. ಎಕ್ಸ್‌ರೇ ಲಕೋಟೆ ತಲೆಯಡಿಗಿಟ್ಟು ಮಲಗಿದವರು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕೇಸ್ ಪೇಪರನ್ನು ಮಗುವಿನಂತೆ ಎದೆಗವಚಿಕೊಂಡ ಹೆಂಗಸರು, ಕಟಿಂಗ್ ಚಹಾದ ಲೋಟ ಹಿಡಿದು ಮೇಲಿನ ಯಾವುದೋ ಕಿಟಕಿಯನ್ನೇ ನೋಡುತ್ತ ನಿಂತವರು. ಮರಾಠಿ, ಭೋಜಪುರಿ, ಬಂಗಾಳಿಗಳ ನಡುವೆ ಆಗಾಗ ವಿಜಯಪುರ, ಕಲಬುರಗಿ ಕಡೆಯ ಕನ್ನಡವೂ ಕೇಳುತ್ತದೆ. ದೊಡ್ಡ ಕಾಯಿಲೆ ಬಂದಾಗ ರಾತ್ರಿ ಗಾಡಿ ಹತ್ತಿ ಮುಂಬಯಿಗೆ ಬರುವುದು ಆ ಸೀಮೆಯವರಿಗೆ ಹಳೆಯ ರೂಢಿ.

ಊರಿನಿಂದ ಬಂದ ನೆಂಟರೊಬ್ಬರ ರಿಪೋರ್ಟಿಗಾಗಿ ಕಾಯುತ್ತಿದ್ದ ನನ್ನನ್ನು ಆ ಕನ್ನಡವೇ ಎಳೆದು ನಿಲ್ಲಿಸಿತು. ಈ ಬೀದಿಯ ಒಂದು ಆಸ್ಪತ್ರೆಯ ಗೇಟಿಗೆ ಆತುಕೊಂಡು ಮೂವತ್ತರ ಆಸುಪಾಸಿನ ಹುಡುಗನೊಬ್ಬ ನಿಂತಿದ್ದ. ಹೆಗಲಿಗೆ ಆಫೀಸಿನ ಬ್ಯಾಗು, ಕೈಯಲ್ಲಿ ಮೂರು ಅಂತಸ್ತಿನ ಪುಟಾಣಿ ಸ್ಟೀಲ್ ಡಬ್ಬಿ. ಅಕ್ಕಲಕೋಟೆಯವನು, ಈಗ ಮನೆ ಡೊಂಬಿವಲಿಯಲ್ಲಿ. ಹೆಂಡತಿ ಸರ್ಜರಿ ವಿಭಾಗದಲ್ಲಿ ರೆಸಿಡೆಂಟ್ ಡಾಕ್ಟರು. ಅವಳ ವಾಸವೆಲ್ಲ ಹಾಸ್ಟೆಲಿನ ಕೋಣೆಯಲ್ಲೇ. ವಾರಕ್ಕೆ ಎರಡು ಸಲ ಇವನು ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಲೋಕಲ್‌ನಲ್ಲಿ ಬರುತ್ತಾನೆ.

“ಒಂಬತ್ತಕ್ಕ ಬರ್ತೀನಿ ಅಂದಾಳ್ರಿ. ಅಂದ್ರ ಹನ್ನೊಂದು ಅಂತ ತಿಳ್ಕೋಬೇಕು” ಎಂದ. ದೂರಿನ ದನಿ ಇರಲಿಲ್ಲ. ಮಳೆ ಯಾವಾಗ ಬರುತ್ತದೆಂದು ರೈತ ಹೇಳುತ್ತಾನಲ್ಲ, ಹಾಗೆ.

ನಮ್ಮ ಮಾತು ಕೇಳಿ, ಗೋಡೆಗೊರಗಿ ಕೂತಿದ್ದ ಮುದುಕರೊಬ್ಬರು ಹತ್ತಿರ ಸರಿದರು. ಇಂಡಿ ತಾಲೂಕಿನವರು. ಹೆಂಡತಿಗೆ ಸಕ್ಕರೆ ಕಾಯಿಲೆ, ಪಾದದ ಹುಣ್ಣು ಮಾಯದೆ ಒಳಗೆ ಸೇರಿಸಿದ್ದರು. ಊರ ಮಾತು ಸಿಕ್ಕ ಸಮಾಧಾನಕ್ಕೆ ಅವರ ಗಂಟಲು ಸಡಿಲಾಯಿತು.

“ಒಂದ್ ಸಣ್ಣ ಡಾಕ್ಟರಬಾಯಿ ಅದಾಳ್ರಿ ಒಳಗ. ನಮ್ ಮಾತ ಆಡ್ತಾಳ. ನಮ್ಮಾಕಿ ಕಾಲಿನ ಪಟ್ಟಿ ಬಿಚ್ಚಿದ್ರ ಅಂಥಾ ನಾತ. ನಲವತ್ತ ವರ್ಷ ಬಾಳೇವು ಮಾಡಿದ ನಾನ ಮಾರಿ ತಿರುವಿದ್ನಿ. ಆಕಿ ತಿರುವ್ಲಿಲ್ಲ. ಕೆಳಗ ಕುಕ್ಕರಗಾಲಿಲೆ ಕುಂತು, ಆಯಿ, ಊಟ ಮಾಡಿಯೇನು, ಮೊಮ್ಮಕ್ಕಳು ಎಷ್ಟು ಅಂತ ಮಾತಾಡ್ಸಿಕೋತನ ತೊಳದು ಕಟ್ಟಿದ್ಳು.”

ಆಮೇಲೆ ಜೇಬಿನಿಂದ ಗುಳಿಗೆಯ ಪೊಟ್ಟಣ ತೆಗೆದು ತೋರಿಸಿದರು. ಅದರ ಮೇಲೆ ಪೆನ್ನಿನಲ್ಲಿ ಒಂದು ಸೂರ್ಯ, ಇನ್ನೊಂದು ಪೊಟ್ಟಣದ ಮೇಲೆ ಅರ್ಧ ಚಂದ್ರ. ಅಕ್ಷರ ಬಾರದವರಿಗೆ ಹೊತ್ತು ತಿಳಿಸುವ ಉಪಾಯ. ಸೂರ್ಯನಿಗೆ ಕಿರಣಗಳನ್ನೂ ಬಿಡಿಸಿದ್ದಳು, ಒಂದೂ ಬಿಡದೆ. ಆ ಕಿರಣಗಳಿಗೆ ಅವಳಿಗೆ ಎಲ್ಲಿಂದ ಹೊತ್ತು ಸಿಕ್ಕಿತೋ.

ನಾನು ಹುಡುಗನ ಮುಖ ನೋಡಿದೆ. ಅವನು ಪೊಟ್ಟಣವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. ಆಕೆ ನನ್ನ ಹೆಂಡತಿ ಎಂದು ಹೇಳುತ್ತಾನೇನೋ ಎಂದುಕೊಂಡೆ. ಹೇಳಲಿಲ್ಲ. “ಛಲೋ ಆತ್ರಿ ಕಾಕಾ” ಎಂದಷ್ಟೇ ಅಂದು ಪೊಟ್ಟಣ ಹಿಂತಿರುಗಿಸಿದ. ಡಬ್ಬಿಯ ಹಿಡಿಕೆಯನ್ನು ಮಾತ್ರ ಹೆಬ್ಬೆರಳಿನಿಂದ ತಿಕ್ಕುತ್ತಲೇ ಇದ್ದ.

ಅವಳು ಮನೆಗೆ ಬಂದರೆ ನಿದ್ದೆ ಮಾಡುತ್ತಾಳಂತೆ, ವಾರ್ಡಿನ ಸುದ್ದಿ ತೆಗೆಯುವುದಿಲ್ಲವಂತೆ. ಹೆಂಡತಿ ಎಂಥ ಡಾಕ್ಟರೆಂಬುದು ಅವನಿಗೆ ತಿಳಿಯುವುದು ಹೀಗೆ, ಫುಟ್‌ಪಾತಿನಲ್ಲಿ, ಪರರ ಬಾಯಿಂದ.

ಅದೇ ಹೊತ್ತಿಗೆ ನನಗೆ ಇನ್ನೊಬ್ಬರ ನೆನಪಾಯಿತು. ಪರರ ಬಾಯಿಂದ ಕೇಳುವ ಅಗತ್ಯವಿಲ್ಲದೆ ಎಲ್ಲವನ್ನೂ ಕಣ್ಣಾರೆ ಕಂಡ ಹೆಂಡತಿಯೊಬ್ಬರ ನೆನಪು. ಸೊಲ್ಲಾಪುರ ಸೀಮೆಯ ಹುಡುಗನಾದ್ದರಿಂದ ಅವನನ್ನೇ ಕೇಳಿದೆ, ಡಾಕ್ಟರ್ ಕೋಟ್ನಿಸ್ ಗೊತ್ತೇ ಎಂದು. “ಗೊತ್ತಿಲ್ದ ಏನ್ರಿ, ನಮ್ ಸೊಲ್ಲಾಪುರದವ್ರು” ಎಂದ. ಅವರ ಹೆಂಡತಿಯ ಹೆಸರು ಕೇಳಿದೆ. ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರುವುದಿಲ್ಲ, ಅದೇ ನನಗೆ ಸಂಕಟ.

ದ್ವಾರಕಾನಾಥ ಕೋಟ್ನಿಸ್ ಹುಟ್ಟಿದ್ದು 1910ರಲ್ಲಿ, ಶರಣ ಸಿದ್ಧರಾಮ ಕೆರೆ ಕಟ್ಟಿಸಿದ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ. ಡಾಕ್ಟರಾದದ್ದು ಇದೇ ಬೀದಿಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ. ಭಾರತೀಯ ವೈದ್ಯರೇ ಕಲಿಸಬೇಕು, ಭಾರತೀಯ ವೈದ್ಯರೇ ನಡೆಸಬೇಕು ಎಂಬ ಹಟದಿಂದ 1926ರಲ್ಲಿ ಶುರುವಾದ ಕಾಲೇಜು ಅದು. ಮುಂದಿನ ಓದಿಗೆ ಸಿದ್ಧರಾಗುತ್ತಿದ್ದ ಕೋಟ್ನಿಸ್, ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಕಾಂಗ್ರೆಸ್ ಐವರು ವೈದ್ಯರನ್ನು ಕಳಿಸುತ್ತದೆಂದು ತಿಳಿದು ಹೆಸರು ಕೊಟ್ಟರು. 1938ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹಡಗು ಹೊರಟಾಗ ಅವರಿಗೆ 28 ತುಂಬಿರಲಿಲ್ಲ. ಹೋದ ಐವರಲ್ಲಿ ನಾಲ್ವರು ಹಿಂದಿರುಗಿದರು.

ಮುಂದೆ ಹೆಂಡತಿಯಾದ ಗುವೊ ಚಿಂಗ್‌ಲಾನ್ ಕೋಟ್ನಿಸರನ್ನು ಕಂಡದ್ದು 1940ರಲ್ಲಿ. ಉತ್ತರ ಚೀನಾದ ಗುಡ್ಡಗಾಡಿನ ಹಳ್ಳಿಗಳಲ್ಲಿ ಚೀನೀ ಕಮ್ಯುನಿಸ್ಟರ ಎಂಟನೆಯ ದಳದ ಸೈನಿಕರಿಗಾಗಿ ನಡೆಯುತ್ತಿದ್ದ ಆಸ್ಪತ್ರೆ. ಅಲ್ಲಿ ದುಡಿದು, ಶಸ್ತ್ರಚಿಕಿತ್ಸೆಯ ವೇಳೆ ಬೆರಳಿಗಾದ ಗಾಯ ನಂಜೇರಿ ತೀರಿಕೊಂಡ ಕೆನಡಾದ ಡಾಕ್ಟರ್ ನಾರ್ಮನ್ ಬೆಥೂನರ ಹೆಸರನ್ನೇ ಅದಕ್ಕಿಟ್ಟಿದ್ದರು. ಗುವೊ ಅಲ್ಲಿ ನರ್ಸಿಂಗ್ ಕಲಿಸುತ್ತಿದ್ದರು. ನರ್ಸ್ ಆದವಳ ಕಣ್ಣಿಗೆ ಡಾಕ್ಟರು ಏನನ್ನೂ ಮುಚ್ಚಿಡಲಾರ. ಗಾಯದ ಮೇಲಿನ ಬಟ್ಟೆ ಎತ್ತುವಾಗ ಬೆರಳು ಎಷ್ಟು ಮೆತ್ತಗಿದೆ, ಬದುಕುವ ಭರವಸೆಯಿಲ್ಲದವನ ಬಳಿ ಎಷ್ಟು ಹೊತ್ತು ನಿಲ್ಲುತ್ತಾನೆ, ನಡುರಾತ್ರಿ ಎಬ್ಬಿಸಿದರೆ ಸಿಡುಕುತ್ತಾನೋ ಇಲ್ಲವೋ, ಎಲ್ಲ ಅವಳಿಗೆ ಗೊತ್ತು. ಆ ವರ್ಷದ ಒಂದು ಕದನದಲ್ಲಿ ಕೋಟ್ನಿಸ್ 72 ಗಂಟೆ ಕಣ್ಣು ಮುಚ್ಚದೆ ಶಸ್ತ್ರಚಿಕಿತ್ಸೆ ಮಾಡಿದರು. ರೋಗಿಯ ಜೊತೆ ಅವನ ಭಾಷೆಯಲ್ಲೇ ಮಾತಾಡಬೇಕೆಂದು ಚೀನೀ ಕಲಿತರು, ಅದರಲ್ಲೇ ಪಾಠವನ್ನೂ ಹೇಳಿದರು. ಇಂಡಿಯ ಮುದುಕಿಗೆ ಆಯಿ ಎಂದ ಹುಡುಗಿಗೂ ಅವರಿಗೂ ನಾನು ಕಂಡ ನಂಟು ಇದೇ.

1941ರ ಆರಂಭದಲ್ಲಿ ಆ ಆಸ್ಪತ್ರೆಯ ಹೊಣೆ ಕೋಟ್ನಿಸರ ಹೆಗಲಿಗೆ ಬಂತು, ವರ್ಷದ ಕೊನೆಗೆ ಮದುವೆ. 1942ರ ಆಗಸ್ಟಿನಲ್ಲಿ ಮಗ. ಹೆಸರು ಇನ್‌ಹುವಾ, ‘ಇನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನಾ. ಡಿಸೆಂಬರ್ 9ರಂದು, ಅಪಸ್ಮಾರದ ಸೆಳೆತ ಒಂದರ ಮೇಲೊಂದು ಬಂದು ಕೋಟ್ನಿಸ್ ತೀರಿಕೊಂಡರು. 32 ವರ್ಷ. ದಾಂಪತ್ಯಕ್ಕೆ ಹೆಚ್ಚು ಕಡಿಮೆ ಒಂದೇ ವರ್ಷ. ವಿದ್ಯಾರ್ಥಿಗಳಿಗಾಗಿ ಬರೆಯುತ್ತಿದ್ದ ಶಸ್ತ್ರಚಿಕಿತ್ಸೆಯ ಪುಸ್ತಕ ಅರ್ಧಕ್ಕೇ ನಿಂತಿತು.

ನಾಲ್ಕು ವರ್ಷದೊಳಗೆ ಈ ಕತೆ ಪರೇಲಿಗೇ ಮರಳಿತು. ಕೆಇಎಂನಿಂದ ಬಹಳ ದೂರವೇನಿಲ್ಲದ ರಾಜಕಮಲ್ ಸ್ಟುಡಿಯೊದ ವಿ. ಶಾಂತಾರಾಮ್ 1946ರಲ್ಲಿ ‘ಡಾ. ಕೋಟ್ನಿಸ್ ಕಿ ಅಮರ್ ಕಹಾನಿ’ ತೆಗೆದರು. ಕೋಟ್ನಿಸ್ ಪಾತ್ರ ತಾವೇ, ಹೆಂಡತಿಯ ಪಾತ್ರದಲ್ಲಿ ಜಯಶ್ರೀ. ನಿಜವಾದ ಹೆಂಡತಿ ಆಗ ಚೀನಾದಲ್ಲಿ ಎಳೆಯ ಮಗನನ್ನು ಸಾಕುತ್ತಿದ್ದರು. ಆ ಮಗ ತಂದೆಯ ಹಾದಿ ಹಿಡಿದ, ವೈದ್ಯಕೀಯ ಓದು ಮುಗಿಯುವ ಹೊತ್ತಿಗೆ 1967ರಲ್ಲಿ ಅವನೂ ಹೋದ. ಗುವೊ ಮತ್ತೆ ಮತ್ತೆ ಭಾರತಕ್ಕೆ ಬಂದರು, ಕೋಟ್ನಿಸರ ಮನೆಯವರನ್ನು ತನ್ನವರೆಂದುಕೊಂಡರು, ಗಂಡನ ಜೊತೆಗಿನ ಬಾಳನ್ನು ಪುಸ್ತಕವಾಗಿ ಬರೆದರು. 2012ರ ಜೂನ್‌ನಲ್ಲಿ, 96ರ ವಯಸ್ಸಿನಲ್ಲಿ ತೀರಿಕೊಂಡರು. ಒಂದು ವರ್ಷದ ಗಂಡನ ನೆನಪನ್ನು ಎಪ್ಪತ್ತು ವರ್ಷ ಹೊತ್ತು ನಡೆದ ಹೆಣ್ಣು.

ಇಷ್ಟನ್ನು ತುಂಡು ತುಂಡಾಗಿ ಹೇಳುವಷ್ಟರಲ್ಲಿ ಹತ್ತೂವರೆ ದಾಟಿತ್ತು. ಹುಡುಗ “ಗುವೊ ಚಿಂಗ್‌ಲಾನ್” ಎಂದು ಎರಡು ಸಲ ಹೇಳಿಕೊಂಡು, ತಪ್ಪಿತೇ ಎಂಬಂತೆ ನನ್ನ ಮುಖ ನೋಡಿದ.

ಆಗ ಮೆಟ್ಟಿಲ ಬಳಿ ಅವಳು ಕಂಡಳು. ಸುಕ್ಕುಗಟ್ಟಿದ ಏಪ್ರನ್, ಕೊರಳಲ್ಲಿ ಸ್ಟೆಥಾಸ್ಕೋಪು, ಹೆಜ್ಜೆಯಲ್ಲಿ ದಣಿವು. ಮುದುಕರು ದಡಬಡಿಸಿ ಎದ್ದು, “ಅವ್ರ ನೋಡ್ರಿ, ನಾ ಹೇಳಿದ ಡಾಕ್ಟರಬಾಯಿ!” ಎಂದು ಹುಡುಗನ ತೋಳು ಹಿಡಿದು ಅಲ್ಲಾಡಿಸಿದರು.

“ಹೌದೇನ್ರಿ ಕಾಕಾ” ಎಂದ ಅವನು, ಮೊದಲ ಸಲ ನೋಡುವವನಂತೆ ಅವಳತ್ತ ನೋಡುತ್ತ. ಅವಳು ನೇರ ಬಂದು ಅವನ ಕೈಯ ಡಬ್ಬಿ ತೆಗೆದುಕೊಂಡು, “ಹಿಂಡಿ ತಂದೀ?” ಎಂದಳು. ಮುದುಕರ ಬಾಯಿ ತೆರೆದದ್ದು ತೆರೆದೇ ಇತ್ತು.