ಬ್ಲಡ್ ಕ್ಯಾನ್ಸರ್ ಅಂದ ಕೂಡಲೇ ಕಥೆ ಮುಗೀತೆ? ಯಾವ ನಮೂನೆ, ಅದನ್ನು ಕೇಳಿ!

ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಬೆಳಗಿನ ಜಾವದ ಬೆಂಗಳೂರು ಬಸ್ಸು ಹತ್ತುವವರಲ್ಲಿ ಮಾಲು ತರಲು ಹೋಗುವ ವ್ಯಾಪಾರಿಗಳಿರುತ್ತಾರೆ, ಕೋರ್ಟು ಕಚೇರಿಗೆ ಅಲೆಯುವವರಿರುತ್ತಾರೆ. ಅವರ ಮಧ್ಯೆ ಪ್ಲಾಸ್ಟಿಕ್ ಚೀಲವೊಂದನ್ನು ಎದೆಗವಚಿಕೊಂಡು ಕೂತವರೂ ಇರುತ್ತಾರೆ. ಚೀಲದ ತುಂಬ ರಕ್ತದ ರಿಪೋರ್ಟು, ಆಸ್ಪತ್ರೆ ಚೀಟಿ. ಎಲ್ಲಿಗೆ ಅಂತ ಕೇಳಿದರೆ "ಕಿದ್ವಾಯಿಗೆ" ಅಂತಾರೆ. ಅಲ್ಲಿಗೆ ಮಾತು ನಿಲ್ಲುತ್ತದೆ.

ಇಂಥವರ ಮನೆಯಲ್ಲಿ, ಬೀದಿಯಲ್ಲಿ ಎರಡು ನಮೂನೆ ಗುಸುಗುಸು. "ಬ್ಲಡ್ ಕ್ಯಾನ್ಸರಂತೆ, ಇನ್ನೇನು ಉಳಿದಿದೆ, ಸುಮ್ಮನೆ ದುಡ್ಡು ದಂಡ" ಅನ್ನೋದು ಒಂದು. "ವಂಶದಲ್ಲಿ ಇಳಿದು ಬರುತ್ತಂತೆ, ಹೊರಗೆ ಗೊತ್ತಾದರೆ ಹೆಣ್ಣುಮಕ್ಕಳ ಮದುವೆ ಆಗೋದಿಲ್ಲ" ಅನ್ನೋದು ಇನ್ನೊಂದು. ಎರಡೂ ತಪ್ಪು ಸ್ವಾಮಿ. ಈ ಎರಡು ಮಾತು ನಂಬಿ ಮನೆಯಲ್ಲಿ ಕೂತರೆ ಹಾಳಾಗುವುದು ದಿನಗಳು. ಈ ರೋಗದಲ್ಲಿ ದಿನಗಳೇ ಪ್ರಾಣ.

ಏನಿದು ರೋಗ?

ದೊಡ್ಡವರಿಗೆ ಬರುವ, ದಿಢೀರನೆ ಏರುವ ಒಂದು ರಕ್ತದ ಕ್ಯಾನ್ಸರಿಗೆ ಡಾಕ್ಟರುಗಳು ಎಎಂಎಲ್ ಅಂತಾರೆ. ಪೂರಾ ಹೆಸರು ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ. ಮೂಳೆಯೊಳಗಿನ ಮಜ್ಜೆಯೇ ರಕ್ತ ತಯಾರಾಗುವ ಕಾರ್ಖಾನೆ. ಅಲ್ಲಿ ಬಲಿಯದ ಬಿಳಿ ಕಣಗಳು ಸಂತೆ ನೆರೆದಂತೆ ನೆರೆದು, ಒಳ್ಳೆಯ ಕಣಗಳಿಗೆ ಜಾಗವೇ ಇಲ್ಲದಂತೆ ಮಾಡುತ್ತವೆ. ಆಗ ಸುಸ್ತು, ಬಿಡದ ಜ್ವರ, ಒಸಡಿನಲ್ಲಿ ರಕ್ತ, ಏಟು ಬೀಳದೆಯೂ ಮೈಮೇಲೆ ನೀಲಿ ಕಲೆ. ಮೆಡಿಕಲ್ ಸ್ಟೋರಿನ ಮಾತ್ರೆಯಲ್ಲಿ ಇದು ವಾಸಿಯಾಗದು. ತಾಲೂಕು ಊರಿನ ಲ್ಯಾಬಿನಲ್ಲೂ ಆಗುವ ರಕ್ತದ ಎಣಿಕೆಯಲ್ಲೇ ಸಾಮಾನ್ಯವಾಗಿ ಮೊದಲ ಸುಳಿವು ಸಿಗುತ್ತದೆ.

ಬಸ್ಸಿನ ಬೋರ್ಡಿನಲ್ಲಿ ಬರೀ "ಬೆಂಗಳೂರು" ಅಂತಿದ್ದರೆ ಯಾವ ದಾರಿ, ಎಷ್ಟು ಹೊತ್ತು ಅಂತ ಗೊತ್ತಾಗುತ್ತದೆಯೆ? ಎಎಂಎಲ್ ಅನ್ನೋದೂ ಹಾಗೆ, ಬರೀ ಬೋರ್ಡು. ರೂಟು ಬರೆದಿರುವುದು ಕ್ರೋಮೋಸೋಮಿನ ರಿಪೋರ್ಟಿನಲ್ಲಿ.

ಹಾಳೆ ಅದಲು ಬದಲು

ಕ್ರೋಮೋಸೋಮು, ಅಂದರೆ ಶಾಲೆ ಪುಸ್ತಕದ ವರ್ಣತಂತು. ನಮ್ಮ ಕಣಗಳಲ್ಲಿ 23 ಜೊತೆ, ಒಟ್ಟು 46. ಅಂಗಡಿಯವರಿಗೆ ತಿಳಿಯುವಂತೆ ಹೇಳೋದಾದರೆ 46 ಖಾತೆ ಪುಸ್ತಕ. ಕಣ ಯಾವಾಗ ಬೆಳೀಬೇಕು, ಯಾವಾಗ ನಿಲ್ಲಬೇಕು, ಎಲ್ಲ ಅದರಲ್ಲಿದೆ. 8ನೇ ಪುಸ್ತಕದ ಹಾಳೆ ಹರಿದು 21ನೇ ಪುಸ್ತಕಕ್ಕೆ, ಅಲ್ಲಿನದು ಇಲ್ಲಿಗೆ ಹೊಲಿದುಬಿಟ್ಟರೆ? ಲೆಕ್ಕವೆಲ್ಲ ಎಕ್ಕುಟ್ಟಿ ಹೋಗುತ್ತದೆ.

ಇದನ್ನು 1972ರಲ್ಲಿ ಕಂಡುಹಿಡಿದವರು ಅಮೆರಿಕದ ಶಿಕಾಗೋದ ಡಾಕ್ಟರ್ ಜಾನೆಟ್ ರೌಲಿ. ಕ್ರೋಮೋಸೋಮುಗಳ ಫೋಟೋ ಕತ್ತರಿಸಿ, ಮನೆಯ ಊಟದ ಮೇಜಿನ ಮೇಲೆ ಜೋಡಿಸಿ ನೋಡುತ್ತಿದ್ದ ಹೆಂಗಸು. ಕ್ಯಾನ್ಸರಿಗೂ ಕ್ರೋಮೋಸೋಮಿಗೂ ಇಂಥ ನಂಟಿದೆ ಅಂದರೆ ಆಗ ಬಹಳ ಜನ ನಂಬಲಿಲ್ಲ. 1977ರಲ್ಲಿ ಅವರೇ ಇನ್ನೊಂದು ಅದಲು ಬದಲು ತೋರಿಸಿದರು. 15 ಮತ್ತು 17ರ ನಡುವಿನದು.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ಹಾಳೆ ಹರಿಯುವುದು ಬಹುಪಾಲು ರೋಗಿಗಳಲ್ಲಿ ಹುಟ್ಟಿದ ಎಷ್ಟೋ ವರ್ಷದ ಮೇಲೆ, ಮಜ್ಜೆಯ ಕಣದಲ್ಲಿ ಮಾತ್ರ. ಅಪ್ಪ ಅಮ್ಮನಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಅಲ್ಲ. ಮನೆತನದಲ್ಲಿ ಇಳಿದು ಬರುವುದು ಎಲ್ಲೋ ಕೆಲವು ಕುಟುಂಬಗಳಲ್ಲಿ. ಹೆಣ್ಣು ನೋಡಲು ಬಂದವರಿಗೆ ಹೆದರಿ ರೋಗ ಮುಚ್ಚಿಡುವವರು ಇದನ್ನು ಎರಡು ಸಲ ಓದಿಕೊಳ್ಳಲಿ.

ಒಂದೇ ಹೆಸರು, ಬೇರೆ ಬೇರೆ ಹಣೆಬರಹ

ಬ್ರಿಟನ್ನಿನಲ್ಲಿ 55 ವರ್ಷದವರೆಗಿನ 1,612 ಎಎಂಎಲ್ ರೋಗಿಗಳ ಲೆಕ್ಕ 1998ರಲ್ಲಿ ಪ್ರಕಟವಾಯಿತು. ಕ್ರೋಮೋಸೋಮು ನೋಡಿ ಮೂರು ಗುಂಪು ಮಾಡಿದ್ದರು. ಒಳ್ಳೆಯ ಗುಂಪಿನಲ್ಲಿ 5 ವರ್ಷದ ನಂತರ 100ಕ್ಕೆ 65 ಮಂದಿ ಬದುಕಿದ್ದರು. ಮಧ್ಯದ ಗುಂಪಿನಲ್ಲಿ 41. ಕೆಟ್ಟ ಗುಂಪಿನಲ್ಲಿ 14 ಮಾತ್ರ. ರೋಗದ ಹೆಸರು ಒಂದೇ, ನೋಡಿ!

8 ಮತ್ತು 21ರ ಅದಲು ಬದಲು, 16ನೇ ಕ್ರೋಮೋಸೋಮಿನ ತುಂಡು ತಿರುಗುಮುರುಗಾಗುವುದು, 15 ಮತ್ತು 17ರ ಅದಲು ಬದಲು ಇವು ಒಳ್ಳೆಯ ಗುಂಪು. 7ನೆಯದರ ಜೊತೆಯಲ್ಲಿ ಒಂದು ಕಾಣೆಯಾದರೆ, ಅಥವಾ ಮೂರು ನಾಲ್ಕು ಕಡೆ ಒಟ್ಟಿಗೆ ಕೆಟ್ಟಿದ್ದರೆ ಕಷ್ಟ. ಈಗ ಡಾಕ್ಟರುಗಳು ಪುಸ್ತಕ ಮಾತ್ರವಲ್ಲ, ಒಂದೊಂದು ಸಾಲಿನ ತಪ್ಪನ್ನೂ ಹುಡುಕುತ್ತಾರೆ. ಎನ್‌ಪಿಎಂ1, ಎಫ್‌ಎಲ್‌ಟಿ3, ಟಿಪಿ53 ಅಂತ ರಿಪೋರ್ಟಿನಲ್ಲಿ ಇರುವುದು ಅದೇ. ಎಫ್‌ಎಲ್‌ಟಿ3 ಕೆಟ್ಟಿದ್ದರೆ ಅದಕ್ಕೇ ಗುರಿಯಿಟ್ಟ ಮಿಡೊಸ್ಟೌರಿನ್ ಎಂಬ ಔಷಧಿಗೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ವಿಷವೇ ಮದ್ದಾಯಿತು

15 ಮತ್ತು 17ರ ಅದಲು ಬದಲಿನ ರೋಗಕ್ಕೆ ಡಾಕ್ಟರುಗಳ ಭಾಷೆಯಲ್ಲಿ ಎಪಿಎಲ್ ಅಂತ ಹೆಸರು. ರೇಷನ್ ಕಾರ್ಡಿಗೂ ಇದಕ್ಕೂ ಸಂಬಂಧವಿಲ್ಲ, ಗಾಬರಿ ಬೇಡ! ಒಂದು ಕಾಲಕ್ಕೆ ಇದು ಎಲ್ಲಕ್ಕಿಂತ ಘೋರ. ಮಿದುಳಿನಲ್ಲಿ ರಕ್ತ ಸೋರಿ ಕೆಲವೇ ದಿನಗಳಲ್ಲಿ ರೋಗಿ ಕೈಬಿಟ್ಟು ಹೋಗುತ್ತಿದ್ದ. ಚೀನಾದ ಶಾಂಘಾಯಿಯ ಡಾಕ್ಟರ್ ವಾಂಗ್ ಝೆನ್‌ಯಿ ತಂಡದವರು ಎ ವಿಟಮಿನ್ನಿನ ಸಂಬಂಧಿಯಾದ ಒಂದು ಔಷಧಿ ಕೊಟ್ಟು ನೋಡಿದರು. 24 ರೋಗಿಗಳಲ್ಲೂ ರೋಗ ಹಿಮ್ಮೆಟ್ಟಿದ್ದನ್ನು 1988ರಲ್ಲಿ ಪ್ರಕಟಿಸಿದರು. ಆ ಔಷಧಿಯ ಹೆಸರು ಆಟ್ರಾ. ಅದು ಕೆಟ್ಟ ಕಣವನ್ನು ಸುಡುವುದಿಲ್ಲ, ಬಲಿಯುವಂತೆ ಮಾಡುತ್ತದೆ.

ಚೀನಾದ ಹಾರ್ಬಿನ್ನಿನ ವೈದ್ಯರು ಅದಕ್ಕೂ ಮೊದಲೇ, 1970ರ ದಶಕದಲ್ಲಿ, ಪಾಷಾಣವನ್ನು ಅಂದರೆ ಆರ್ಸೆನಿಕ್ ಅನ್ನು ಔಷಧಿಯಾಗಿ ಬಳಸಲು ಶುರು ಮಾಡಿದ್ದರು. ನಮ್ಮ ಪಕ್ಕದ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು 72 ಎಪಿಎಲ್ ರೋಗಿಗಳಿಗೆ ಆರ್ಸೆನಿಕ್ ಒಂದನ್ನೇ ಮುಖ್ಯ ಔಷಧಿಯಾಗಿ ಕೊಟ್ಟರು. 3 ವರ್ಷದ ನಂತರ 100ಕ್ಕೆ 86ರ ಲೆಕ್ಕದಲ್ಲಿ ಬದುಕಿದ್ದರು ಅಂತ 2006ರಲ್ಲಿ ಪ್ರಕಟವಾಯಿತು. 2013ರಲ್ಲಿ ಇಟಲಿ, ಜರ್ಮನಿಯವರು ಬಿಳಿ ಕಣ ವಿಪರೀತ ಏರದಿದ್ದ ಎಪಿಎಲ್ ರೋಗಿಗಳಿಗೆ ಎರಡೂ ಸೇರಿಸಿ ಕೊಟ್ಟಾಗ, 2 ವರ್ಷದ ನಂತರ 100ಕ್ಕೆ 97 ಮಂದಿ ಮರುಕಳಿಕೆಯಿಲ್ಲದೆ ಇದ್ದರು. ಇದು ಆಸ್ಪತ್ರೆಯಲ್ಲಿ ಅಳೆದು, ರಕ್ತನಾಳಕ್ಕೆ ಕೊಡುವ ಮದ್ದು. ಯಾರೋ ಪಂಡಿತರ ಭಸ್ಮ ನೆಕ್ಕಿ ಪ್ರಾಣ ಕಳಕೊಳ್ಳಬೇಡಿ.

ಎಪಿಎಲ್ ಎಂದು ಅನುಮಾನ ಬಂದ ಕೂಡಲೇ, ಕ್ರೋಮೋಸೋಮಿನ ರಿಪೋರ್ಟಿಗೆ ಕಾಯದೆ ಆಟ್ರಾ ಶುರು ಮಾಡುವುದು ವೈದ್ಯರ ನಿಯಮ. ಎಲ್ಲಕ್ಕಿಂತ ಹೆಚ್ಚು ವಾಸಿಯಾಗುವ ಎಎಂಎಲ್ ಇದೇ, ಮೊದಲ ವಾರದಲ್ಲೇ ಕೊಂದುಬಿಡುವುದೂ ಇದೇ. "ಅಮಾವಾಸ್ಯೆ ಕಳೀಲಿ, ಆಮೇಲೆ ಹೋಗೋಣ" ಅನ್ನುವವರಿಗೆ ಇನ್ನೇನು ಹೇಳೋಣ?

ಎಲ್ಲವೂ ಸಿಹಿಯಲ್ಲ

ಉಳಿದ ಎಎಂಎಲ್‌ಗಳಿಗೆ 7 ದಿನ ಸೈಟರಾಬಿನ್, ಅದರಲ್ಲೇ 3 ದಿನ ಡೌನೋರುಬಿಸಿನ್ ಎಂಬ 1970ರ ದಶಕದ ಚಿಕಿತ್ಸೆಯೇ ಈಗಲೂ ಬುನಾದಿ. ಆಮೇಲೆ ವಾರಗಟ್ಟಲೆ ಆಸ್ಪತ್ರೆ ವಾಸ, ನಂಜಿನ ಭಯ, ರಕ್ತಕ್ಕಾಗಿ ನೆಂಟರಿಷ್ಟರ ಹುಡುಕಾಟ. ಕೆಟ್ಟ ಗುಂಪಿನವರಿಗೆ ಮಜ್ಜೆ ಕಸಿ ಬೇಕಾಗುತ್ತದೆ. ಒಡಹುಟ್ಟಿದವರಲ್ಲಿ ಒಬ್ಬೊಬ್ಬರದು ಪೂರ್ತಿ ಹೊಂದುವ ಸಾಧ್ಯತೆ 4ರಲ್ಲಿ 1.

75 ದಾಟಿದವರು, ಜೋರು ಔಷಧಿ ತಡೆಯಲಾರದವರಿಗೆ ಅಜಾಸಿಟಿಡಿನ್ ಜೊತೆ ವೆನೆಟೊಕ್ಲಾಕ್ಸ್ ಮಾತ್ರೆ ಇದೆ. 2020ರ ಅಧ್ಯಯನದಲ್ಲಿ ಅರ್ಧದಷ್ಟು ಮಂದಿ ಬದುಕಿದ್ದ ಕಾಲ 9.6 ತಿಂಗಳಿನಿಂದ 14.7ಕ್ಕೆ ಏರಿತು. ಐದು ತಿಂಗಳೆ ಅಂತ ಮೂಗು ಮುರಿಯಬೇಡಿ. ಮೊಮ್ಮಗಳ ಮದುವೆ ನೋಡಲು ಅಷ್ಟು ಸಾಕಾದೀತು.

ಕೇಳಬೇಕಾದ್ದು

ರೋಗಿಯ ಕಡೆಯವರು ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಮೂರೇ. ಇದು ಎಪಿಎಲ್ ಇರಬಹುದೆ? ಮಜ್ಜೆ ತೆಗೆದಾಗ ಕ್ರೋಮೋಸೋಮಿನ ಪರೀಕ್ಷೆಗೂ ಕಳಿಸಿದ್ದೀರಾ? ನಮ್ಮದು ಯಾವ ಗುಂಪು? ಕೇಳೋದರಲ್ಲಿ ತಪ್ಪೇನೂ ಇಲ್ಲ.

ಖರ್ಚಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಯಾವ ಪರೀಕ್ಷೆ, ಯಾವ ಔಷಧಿ ಸೇರುತ್ತದೆ ಅಂತ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಮೊದಲ ದಿನವೇ ಕೇಳಿ. ರೇಷನ್ ಕಾರ್ಡು, ಆಧಾರ್ ಕಾರ್ಡು ಮನೆಯಲ್ಲಿ ಬಿಟ್ಟು ಹೋಗಬೇಡಿ.

ಸಿನಿಮಾದಲ್ಲಿ ಡಾಕ್ಟರು ಕನ್ನಡಕ ತೆಗೆದು "ಬ್ಲಡ್ ಕ್ಯಾನ್ಸರ್" ಅಂದರೆ ಹಿನ್ನೆಲೆಯಲ್ಲಿ ಪಿಟೀಲು ಶುರುವಾಗುತ್ತದೆ. ಆಸ್ಪತ್ರೆಯಲ್ಲಿ ಆ ಮಾತು ಕೇಳಿದಾಗ ಅಳುತ್ತಾ ಕೂರಬೇಡಿ. "ಯಾವ ನಮೂನೆಯದು ಡಾಕ್ಟ್ರೇ?" ಅನ್ನಿ.