ವಿದ್ಯುಚ್ಛಕ್ತಿಯ ಸಂಧಿಕಾಲ

ನೀವು ಬಾನುಲಿಯಲ್ಲಿ ಸಂಗೀತ ಕೇಳುತ್ತ ಕುಳಿತಿದ್ದೀರಿ. ಪಕ್ಕದ ಕೋಣೆಯಲ್ಲಿ ಯಾರೋ ಫ್ಯಾನಿನ ಸ್ವಿಚ್ಚು ಆರಿಸುತ್ತಾರೆ. ಅದೇ ಗಳಿಗೆಗೆ ರೇಡಿಯೋ ‘ಟಪ್’ ಎಂದು ಒಮ್ಮೆ ಸಿಡುಕಿ ಸುಮ್ಮನಾಗುತ್ತದೆ. ಸ್ವಿಚ್ಚು ಆರಿಸುವ ಮುನ್ನ ಆ ಸದ್ದಿರಲಿಲ್ಲ. ಆರಿಸಿದ ಮೇಲೂ ಇಲ್ಲ. ಇವೆರಡರ ನಡುವೆ, ಕಣ್ಣೆವೆ ಇಕ್ಕುವುದಕ್ಕಿಂತಲೂ ಕಡಿಮೆ ಹೊತ್ತಿನಲ್ಲಿ, ತಂತಿಯಲ್ಲಿ ಏನೋ ಒಂದು ಕೋಲಾಹಲ ನಡೆದುಹೋಯಿತು. ಅದರ ಸುಳಿವನ್ನು ರೇಡಿಯೋ ಹಿಡಿದು ನಿಮಗೆ ತಿಳಿಸಿತು, ಅಷ್ಟೆ.

ಇಂಜಿನಿಯರಾಗಿರುವ ನನ್ನ ಹಳೆಯ ಶಿಷ್ಯನೊಬ್ಬ ಒಮ್ಮೆ ಮನೆಗೆ ಬಂದವನು, “ಮೇಷ್ಟ್ರೇ, ನಾವು ಟ್ರಾನ್ಸಿಯೆಂಟ್ ಅನ್ನುತ್ತೇವಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನೋಣ?” ಎಂದು ಕೇಳಿದ. “ಅದು ಏನೆಂಬುದನ್ನು ಮೊದಲು ನೀನು ಹೇಳು, ಪದವನ್ನು ಆಮೇಲೆ ಹುಡುಕೋಣ” ಎಂದೆ. ಎರಡು ಸಂಜೆ ಅವನು ಹೇಳಿದ, ನಾನು ಕೇಳಿದೆ. ನನಗೆ ಅರ್ಥವಾದಷ್ಟನ್ನು ವಾಚಕರ ಮುಂದಿಡುತ್ತಿದ್ದೇನೆ.

ಮನೆ ಎಂಬ ಪದಕ್ಕೆ ಅಲ್ಲಿ ಎಂಬುದು ಸೇರಿದರೆ ಮನೆಯಲ್ಲಿ ಎಂದಾಗುತ್ತದೆ. ಮೊದಲ ಪದದಲ್ಲಾಗಲಿ ಎರಡನೆಯದರಲ್ಲಾಗಲಿ ಇಲ್ಲದ ಯಕಾರ ನಡುವೆ ಎಲ್ಲಿಂದ ಬಂತು? ಊರು ಎಂಬುದಕ್ಕೆ ಅಲ್ಲಿ ಸೇರಿದರೆ ಇದ್ದ ಉಕಾರವೇ ಬಿದ್ದುಹೋಗುತ್ತದೆ. ಎರಡು ಕೂಡುವ ಎಡೆಯಲ್ಲಿ ಎರಡರಲ್ಲಿಯೂ ಇಲ್ಲದ ವ್ಯಾಪಾರ ನಡೆಯುವುದುಂಟು; ಅದನ್ನು ನಾವು ಸಂಧಿ ಎನ್ನುತ್ತೇವೆ. ವಿದ್ಯುತ್ತು ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿಗೆ ಹೋಗುವಾಗಲೂ ಹೀಗೆಯೇ. ಆದ್ದರಿಂದ ಆ ಹೊತ್ತನ್ನು ಸಂಧಿಕಾಲವೆಂದು ಕರೆಯೋಣವೆಂದು ನಾವಿಬ್ಬರೂ ಒಪ್ಪಿದೆವು.

ಈ ಸಂಧಿಕಾಲದಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ತಂತಿಯಲ್ಲಿ ಓಡುವ ಅಲೆ. ಮಾರ್ಗದ ಮೇಲೆ ಸಿಡಿಲೆರಗಿದಾಗ ಹೆಚ್ಚು ಒತ್ತಡದ ಅಲೆಯೊಂದು ಎರಡು ಕಡೆಗೂ ಬಹುಮಟ್ಟಿಗೆ ಬೆಳಕಿನ ವೇಗದಲ್ಲಿಯೇ ಧಾವಿಸುತ್ತದೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ವಿದ್ಯುತ್ತನ್ನು ಒಯ್ದ ಮಾರ್ಗ ಸುಮಾರು 147 ಕಿಲೋಮೀಟರು ಉದ್ದದ್ದು. ಅಷ್ಟು ದೂರವನ್ನು ಇಂಥ ಅಲೆ ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಲ್ಲಿ ದಾಟಬಲ್ಲುದು. ಮಾರ್ಗದ ಆಚೆಯ ತುದಿ ತೆರೆದಿದ್ದರೆ ಅಲೆ ಅಲ್ಲಿ ಹಾಯ್ದು ಹಿಂದಿರುಗುತ್ತದೆ. ಆಗ ಆ ತುದಿಯಲ್ಲಿ ಒತ್ತಡ ಇಮ್ಮಡಿಯಾಗುತ್ತದೆ. ತಕ್ಕ ರಕ್ಷಣೆಯಿಲ್ಲದಿದ್ದರೆ ಟ್ರಾನ್ಸ್‌ಫಾರ್ಮರಿನ ಒಳಗಿನ ಹೊದಿಕೆ ಹರಿದು, ಬೆಲೆಬಾಳುವ ಯಂತ್ರ ಕ್ಷಣದಲ್ಲಿ ಹಾಳಾಗುತ್ತದೆ.

ಎರಡನೆಯದು ಯಂತ್ರಗಳ ಓಲಾಟ. ಒಂದು ಗ್ರಿಡ್ಡಿಗೆ ಸೇರಿದ ಜನರೇಟರುಗಳೆಲ್ಲವೂ ಒಂದೇ ಲಯದಲ್ಲಿ ತಿರುಗಬೇಕು. ನಮ್ಮ ದೇಶದಲ್ಲಿ ಆ ಲಯ ಸೆಕೆಂಡಿಗೆ 50 ಆವರ್ತನ. ವಿದ್ಯುತ್ ಕೇಂದ್ರದ ಹತ್ತಿರ ಎಲ್ಲಿಯೋ ಶಾರ್ಟ್ ಸರ್ಕ್ಯೂಟ್ ಆಯಿತೆನ್ನಿ. ಜನರೇಟರು ಹೊರಗೆ ಕೊಡುವ ಶಕ್ತಿ ಒಮ್ಮೆಲೇ ಕುಗ್ಗುತ್ತದೆ. ಆದರೆ ಅದನ್ನು ತಿರುಗಿಸುವ ನೀರಿಗಾಗಲಿ ಉಗಿಗಾಗಲಿ ಆ ಸಮಾಚಾರ ಇನ್ನೂ ತಲುಪಿಲ್ಲ; ಅದು ಮೊದಲಿನಂತೆಯೇ ನೂಕುತ್ತಿರುತ್ತದೆ. ಹೊರೆ ಜಾರಿದ ಗಾಡಿಯ ಎತ್ತಿನಂತೆ ಯಂತ್ರ ಮುಂದಕ್ಕೆ ನುಗ್ಗುತ್ತದೆ. ಕೆಟ್ಟ ಮಾರ್ಗವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟರಲ್ಲಿ ಬೇರ್ಪಡಿಸಿದರೆ ಯಂತ್ರ ಸಾಮಾನ್ಯವಾಗಿ ಉಯ್ಯಾಲೆಯಂತೆ ಹಿಂದಕ್ಕೂ ಮುಂದಕ್ಕೂ ಓಲಾಡಿ ಮತ್ತೆ ಲಯಕ್ಕೆ ಬರುತ್ತದೆ. ತಡವಾದರೆ ಲಯ ತಪ್ಪಿ ಮಿಕ್ಕ ಯಂತ್ರಗಳ ಸಹವಾಸವನ್ನೇ ಕಳೆದುಕೊಳ್ಳುತ್ತದೆ. ಅಷ್ಟರಲ್ಲಿ ಮನುಷ್ಯನು ಯೋಚಿಸಿ ಸ್ವಿಚ್ಚು ತೆಗೆಯುವುದು ಸಾಧ್ಯವಿಲ್ಲ. ಆದ್ದರಿಂದ ಮಾರ್ಗಗಳನ್ನು ಕಾಯುವ ಕೆಲಸವನ್ನು ರಿಲೇ ಎಂಬ ಉಪಕರಣಕ್ಕೆ ಒಪ್ಪಿಸಿದ್ದಾರೆ.

ಆ ಕಾವಲುಗಾರನೇ ತಪ್ಪು ತಿಳಿದರೆ? 2012ರ ಜುಲೈ 30ರ ನಸುಕಿನಲ್ಲಿ, 2 ಗಂಟೆ 33 ನಿಮಿಷಕ್ಕೆ, ಹಾಗೆಯೇ ಆಯಿತು. ಮಧ್ಯಪ್ರದೇಶದ ಬೀನಾ–ಗ್ವಾಲಿಯರ್ ನಡುವಣ 400 ಕಿಲೋವೋಲ್ಟಿನ ಜೋಡಿ ಮಾರ್ಗದಲ್ಲಿ ಒಂದು ಕೆಲಸಕ್ಕಾಗಿ ನಿಂತಿತ್ತು. ಉಳಿದೊಂದರ ಮೇಲೆ ಮಿತಿಮೀರಿದ ಹೊರೆ ಬಿದ್ದಿತ್ತು. ಆ ಮಾರ್ಗದಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ಹೆಚ್ಚಿದ ಪ್ರವಾಹವನ್ನೂ ತಗ್ಗಿದ ಒತ್ತಡವನ್ನೂ ಕಂಡ ರಿಲೇ ಅದನ್ನು ದೋಷವೆಂದೇ ಬಗೆದು ಮಾರ್ಗವನ್ನು ಕಡಿದುಹಾಕಿತು. ಹೊರೆ ಬೇರೆ ದಾರಿಗಳಿಗೆ ನುಗ್ಗಿತು, ಯಂತ್ರಗಳು ಓಲಾಡಿದವು, ಆ ಓಲಾಟವನ್ನು ಕಂಡು ಇನ್ನಷ್ಟು ಮಾರ್ಗಗಳು ಕಡಿದುಕೊಂಡವು. ಕೆಲವೇ ಸೆಕೆಂಡುಗಳಲ್ಲಿ ಉತ್ತರದ ಗ್ರಿಡ್ಡು ಒಂಟಿಯಾಗಿ ಕುಸಿಯಿತು. ಮರುದಿನ ಮಧ್ಯಾಹ್ನ ಅದೇ ಮಾರ್ಗದಲ್ಲಿ ಅದೇ ಕಥೆ ನಡೆದು ಉತ್ತರ, ಪೂರ್ವ, ಈಶಾನ್ಯಗಳೆಲ್ಲ ಕತ್ತಲಾದವು. ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶ ಅದು. ನೂರಾರು ರೈಲುಗಳು ನಡುದಾರಿಯಲ್ಲಿ ನಿಂತವು. ಪೂರ್ವದ ಕಲ್ಲಿದ್ದಲ ಗಣಿಗಳಲ್ಲಿ ಕೆಳಗಿಳಿದಿದ್ದ ಸುಮಾರು 200 ಕೆಲಸಗಾರರು ಮೇಲೆ ಬರುವ ಲಿಫ್ಟು ಇಲ್ಲದೆ ಭೂಗರ್ಭದಲ್ಲಿ ಸಿಕ್ಕಿಕೊಂಡರು. ಪುಣ್ಯವಶಾತ್ ಅವರೆಲ್ಲ ಜೀವಸಹಿತ ಹೊರಬಂದರು.

ಆ ದಿನ ನಾವು ದಕ್ಷಿಣದವರು ಪಾರಾದೆವು. ಆಗ ನಮ್ಮ ಗ್ರಿಡ್ಡು ಉತ್ತರದೊಡನೆ ಡಿ.ಸಿ. ಮಾರ್ಗಗಳಿಂದ ಮಾತ್ರ ಕೂಡಿತ್ತು; ಅವು ಶಕ್ತಿಯನ್ನು ಸಾಗಿಸುತ್ತವೆಯೇ ಹೊರತು ಲಯವನ್ನು ಬೆಸೆಯುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟಿನ ಮಾರ್ಗ ಸೇರಿದ ಮೇಲೆ ಇಡೀ ದೇಶವೇ ಒಂದು ಲಯದಲ್ಲಿ ಮಿಡಿಯುತ್ತಿದೆ. ನಮಗೆ ಕೊರತೆಯಾದಾಗ ದೂರದ ಶಕ್ತಿ ಬಂದೊದಗುತ್ತದೆ. ಅಂತೆಯೇ ದೂರದ ಓಲಾಟವೂ ನಮ್ಮನ್ನು ಮುಟ್ಟಬಹುದು. ನೆಂಟಸ್ತನವೆಂದರೆ ಸುಖಕ್ಕೂ ಕಷ್ಟಕ್ಕೂ ಅಲ್ಲವೇ?

ಹಾಗಾದರೆ ಇಂಥ ಕೇಡನ್ನು ಮುಂದಾಗಿ ತಿಳಿಯುವುದು ಹೇಗೆ? ನಿಜವಾದ ಗ್ರಿಡ್ಡಿನಲ್ಲಿ ಮಾರ್ಗವನ್ನು ಕಡಿದು ಏನಾಗುವುದೋ ನೋಡೋಣ ಎನ್ನುವಂತಿಲ್ಲ. ಆದ್ದರಿಂದ ಅದರ ಪ್ರತಿರೂಪವೊಂದನ್ನು ಕಟ್ಟಿ ಪರೀಕ್ಷಿಸುತ್ತಾರೆ. ಇದೇ ಸಿಮ್ಯುಲೇಷನ್, ಎಂದರೆ ಅನುಕರಣೆ. 1929ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ನೂರಾರು ಮೈಲಿಯ ತಂತಿಗಳಿಗೆ ಬದಲಾಗಿ ಚಿಕ್ಕ ಚಿಕ್ಕ ಸುರುಳಿಗಳನ್ನೂ ಕೆಪಾಸಿಟರುಗಳನ್ನೂ ಜೋಡಿಸಿ, ಒಂದು ಕೋಣೆಯೊಳಗೆ ಕಿರಿಯ ಗ್ರಿಡ್ಡನ್ನೇ ನಿರ್ಮಿಸಿದರು. ಕಂಪ್ಯೂಟರು ಬಂದ ಮೇಲೆ ಸುರುಳಿಗಳ ಜಾಗಕ್ಕೆ ಅಂಕಿಗಳು ಬಂದವು. ಹರ್ಮನ್ ಡೊಮೆಲ್ ಎಂಬ ಇಂಜಿನಿಯರು 1969ರಲ್ಲಿ ಪ್ರಕಟಿಸಿದ ಲೆಕ್ಕದ ಕ್ರಮ ಇಂದಿಗೂ ಇದಕ್ಕೆ ತಳಹದಿಯಾಗಿದೆ.

ಆ ಕ್ರಮದ ತಿರುಳು ಸರಳ. ಕಾಲವನ್ನು ಅತಿ ಸಣ್ಣ ಹೆಜ್ಜೆಗಳಾಗಿ ಕತ್ತರಿಸುವುದು, ಸುರುಳಿಯೂ ಕೆಪಾಸಿಟರೂ ಹಿಂದಿನ ಹೆಜ್ಜೆಯಲ್ಲಿ ಹೇಗಿದ್ದವೆಂಬುದನ್ನು ನೆನಪಿಟ್ಟು, ಅದರಿಂದ ಈ ಹೆಜ್ಜೆಯ ಸ್ಥಿತಿಯನ್ನು ಲೆಕ್ಕಹಾಕುವುದು, ಅದರಿಂದ ಮುಂದಿನದನ್ನು. ಸಿಡಿಲಿನ ಅಲೆಗೆ ಒಂದು ಹೆಜ್ಜೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ಅಥವಾ ಅದಕ್ಕೂ ಕಿರಿದು. ಯಂತ್ರಗಳ ಓಲಾಟಕ್ಕೆ ಸೆಕೆಂಡಿನ ಸಾವಿರದಲ್ಲಿ ಕೆಲವು ಭಾಗ ಸಾಕು. ಅರಿಯಬೇಕಾದ ಸಂಗತಿಗೆ ತಕ್ಕಂತೆ ಅಳತೆಗೋಲು.

ಇಂದು ಇದಕ್ಕೂ ಮುಂದೆ ಹೋಗಿದ್ದಾರೆ. ನಿಜದ ಗ್ರಿಡ್ಡಿನಷ್ಟೇ ವೇಗದಲ್ಲಿ ಈ ಲೆಕ್ಕ ಮಾಡುವ ಯಂತ್ರಗಳಿವೆ. 1960ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿಯೂ ಅಂಥದು ಉಂಟು. ಅದಕ್ಕೆ ನಿಜವಾದ ರಿಲೇಯನ್ನು ಜೋಡಿಸಬಹುದು. ತನ್ನೆದುರಿಗಿರುವುದು ಲೆಕ್ಕದ ಗ್ರಿಡ್ಡೋ ನಿಜದ ಗ್ರಿಡ್ಡೋ ರಿಲೇಗೆ ತಿಳಿಯದು. ಅಧಿಕ ಹೊರೆಯನ್ನು ತೋರಿಸಿ, ಅದು ದೋಷವೆಂದು ಭ್ರಮಿಸುವುದೋ ಇಲ್ಲವೋ ನೋಡಬಹುದು. ಪರೀಕ್ಷೆಯಲ್ಲಿ ತಪ್ಪಿದರೆ ತಿದ್ದಲು ಅವಕಾಶವಿದೆ. ಗ್ರಿಡ್ಡಿನಲ್ಲಿ ತಪ್ಪಿದರೆ ಇಲ್ಲ. 2012ರ ಘಟನೆಯನ್ನು ವಿಚಾರಿಸಿದ ಸಮಿತಿಯೂ, ನಿಯಂತ್ರಣ ಕೇಂದ್ರಗಳಲ್ಲಿ ಇಂಥ ಚಲನಸ್ಥಿತಿಯ ಪರಿಶೀಲನೆ ಆಗಾಗ ನಡೆಯಬೇಕೆಂದು ಸಲಹೆ ಮಾಡಿತು.

ಈ ಕೆಲಸದ ಅಗತ್ಯ ಈಗ ಇನ್ನೂ ಹೆಚ್ಚಿದೆ. ಹಳೆಯ ಕೇಂದ್ರಗಳಲ್ಲಿ ತಿರುಗುವ ಭಾರವಾದ ಯಂತ್ರಗಳು ಕುಂಬಾರನ ಚಕ್ರದಂತೆ. ಕೈ ತೆಗೆದರೂ ಒಂದಷ್ಟು ಹೊತ್ತು ವೇಗವನ್ನು ಕಾಯ್ದುಕೊಳ್ಳುತ್ತವೆ. ನಮ್ಮ ಪಾವಗಡದಂಥ ಸೌರ ವಿದ್ಯುತ್ ಕ್ಷೇತ್ರಗಳಲ್ಲಿ ತಿರುಗುವ ಚಕ್ರವಿಲ್ಲ. ಬಿಸಿಲಿನಿಂದ ಬಂದ ಶಕ್ತಿಯನ್ನು ಇನ್ವರ್ಟರುಗಳು ಗ್ರಿಡ್ಡಿಗೆ ಹೊಂದಿಸಿ ಕೊಡುತ್ತವೆ. ಇವುಗಳ ಪಾಲು ಬೆಳೆದಂತೆ, ಏರುಪೇರಾದಾಗ ಸಾವರಿಸಿಕೊಳ್ಳಲು ಸಿಗುವ ಹೊತ್ತು ಕಿರಿದಾಗುತ್ತದೆ. ಅದಕ್ಕೆ ತಕ್ಕ ಉಪಾಯಗಳನ್ನೂ ಈ ಲೆಕ್ಕದ ಗ್ರಿಡ್ಡಿನಲ್ಲಿಯೇ ಮೊದಲು ಪರೀಕ್ಷಿಸಿ ಸಿದ್ಧಪಡಿಸಬೇಕು.

ನಮ್ಮ ತರಗತಿಗಳಲ್ಲಿ ಸಂಧಿ ಬಿಡಿಸುವಾಗ ಮಕ್ಕಳು ಎರಡು ಪದಗಳನ್ನೂ ಸರಿಯಾಗಿ ಹೇಳಿ, ನಡುವಿನಲ್ಲಿ ತಪ್ಪುವುದೇ ಹೆಚ್ಚು. ಅಲ್ಲಿ ಕಳೆಯುವುದು ಒಂದು ಅಂಕ. ಇಲ್ಲಿ ಗಣಿಯ ಕೆಳಗೆ ಜನರಿದ್ದಾರೆ. ಇನ್ನು ಮೇಲೆ ರೇಡಿಯೋ ‘ಟಪ್’ ಎಂದಾಗ ಬೇಸರಪಟ್ಟುಕೊಳ್ಳಬೇಡಿ. ಆ ಒಂದು ಸದ್ದಿನಷ್ಟು ಹೊತ್ತನ್ನು ಸಾವಿರ ಹೆಜ್ಜೆಗಳಾಗಿ ಸೀಳಿ, ಒಂದೊಂದನ್ನೂ ಲೆಕ್ಕವಿಟ್ಟು ನೋಡುವವರಿದ್ದಾರೆಂಬುದನ್ನು ನೆನೆಯಿರಿ.